ಹಳೇ ಪೇಪರ್ ಲೆಕ್ಕ: ಮನೆಗೆ ಪುಡಿಗಾಸು, ಊರಿಗೆ ಉಳಿತಾಯ

ಮಾನ್ಯ ಸಂಪಾದಕರೇ,

‘ಕೆಜಿಗೆ ಹತ್ತು-ಹನ್ನೆರಡು ರೂಪಾಯಿ ಸಿಗುವ ಹಳೇ ಪೇಪರ್‌ಗೆ ಯಾಕಿಷ್ಟು ಒದ್ದಾಟ, ಎಲ್ಲ ಒಟ್ಟಿಗೆ ಕಸದ ಗಾಡಿಗೆ ಹಾಕಿದರಾಯಿತು’ ಎನ್ನುವ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕೇಳಿಬರುತ್ತಿದೆ. ಒಂದು ಮನೆಯ ಮಟ್ಟಿಗೆ ನೋಡಿದರೆ ಅದು ಸುಳ್ಳಲ್ಲ. 16 ಪುಟದ ದಿನಪತ್ರಿಕೆ ಸುಮಾರು 65 ಗ್ರಾಂ ತೂಗುತ್ತದೆ, ತಿಂಗಳಿಗೆ ಎರಡು ಕೆಜಿ. ಕೆಜಿಗೆ ₹12 ಎಂದು ಹಿಡಿದರೂ ಕೈಗೆ ಬರುವುದು ₹24. ಹತ್ತು ಕೆಜಿ ಕೂಡಿಟ್ಟು ಐದು ಕಿಲೋಮೀಟರ್ ದೂರದ ಗುಜರಿ ಅಂಗಡಿಗೆ ಕಾರಿನಲ್ಲಿ ಒಯ್ದರೆ ₹120ರಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿಗೇ ಹೋಯಿತು. ಬೀದಿಯಲ್ಲಿ ಹಳೇ ಪೇಪರ್ ಕೊಳ್ಳಲು ಬರುವವರಿಗೆ ಕೊಡಬೇಕು, ಇಲ್ಲವೇ ದಿನಸಿ ತರಲು ಹೋಗುವಾಗ ದಾರಿಯಲ್ಲೇ ಇಳಿಸಬೇಕು.

ಆದರೆ ಲೆಕ್ಕ ಮನೆ ಬಾಗಿಲಲ್ಲೇ ಮುಗಿಯುವುದಿಲ್ಲ. ಅದೇ ಕಾಗದ ಉಳಿದ ಸಾರು, ಹಣ್ಣಿನ ಸಿಪ್ಪೆಯ ಜತೆ ಆಟೊ ಟಿಪ್ಪರ್‌ಗೆ ಬಿದ್ದ ಗಳಿಗೆಯಿಂದ ಅದಕ್ಕೆ ಕೊಳ್ಳುವವರಿಲ್ಲ. ಅದನ್ನು ಕಸ ಒತ್ತಿ ತುಂಬುವ ಲಾರಿಯಾದ ಕಾಂಪ್ಯಾಕ್ಟರ್‌ಗೆ ತುಂಬಿ ಊರಾಚೆ ಸಾಗಿಸಿ ಗುಡ್ಡೆ ಹಾಕಲು ಪಾಲಿಕೆಯೇ ದುಡ್ಡು ಕೊಡಬೇಕು. ಮಾವಳ್ಳಿಪುರದ ಕಸದ ಗುಡ್ಡೆ 2012ರಲ್ಲಿ, ಮಂಡೂರಿನದು 2014ರ ಕೊನೆಯಲ್ಲಿ ಬಂದ್ ಆದಾಗ ಕಸ ಸುರಿಯುವ ಜಾಗ ಎಷ್ಟು ದುಬಾರಿ ಎಂಬುದನ್ನು ಈ ಊರು ನೋಡಿದೆ. ಈಗಂತೂ, 2025ರ ಏಪ್ರಿಲ್‌ನಿಂದ, ವಾಸದ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ ₹10ರಿಂದ ₹400ರವರೆಗೆ ಕಸದ ಬಳಕೆದಾರರ ಶುಲ್ಕ ನಮ್ಮಿಂದಲೇ ವಸೂಲಾಗುತ್ತಿದೆ. ಕಾಗದದಿಂದ ನಮಗೆ ₹24 ಬಂತೇ ಎನ್ನುವುದಕ್ಕಿಂತ, ಅದನ್ನು ಹೊರುವ ಖರ್ಚು ಊರಿಗೆ ತಪ್ಪಿತೇ ಎಂದು ಕೇಳಬೇಕು.

ಇದು ತೀರ್ಮಾನವಾಗುವುದು ಅಡುಗೆಮನೆಯಲ್ಲಿ. ಕಾಗದಕ್ಕೆ ಮೊದಲ ಶತ್ರು ನೀರು. ಶೇ 10ಕ್ಕಿಂತ ಹೆಚ್ಚು ತೇವ ಇದ್ದರೆ ರದ್ದಿಯಿಂದ ಹೊಸ ಕಾಗದ ಮಾಡುವ ಗಿರಣಿಯವರು ತೂಕದಲ್ಲಿ ಮುರಿದುಕೊಳ್ಳುತ್ತಾರೆ. ಮಳೆಗಾಲದಲ್ಲಿ ನೆನೆದ ಬೇಲ್ (ಒತ್ತಿ ಕಟ್ಟಿದ ಕಾಗದದ ಮೂಟೆ) ಒಳಗೊಳಗೇ ಬಿಸಿಯೇರಿ, ಬೂಸ್ಟು ಹಿಡಿದು ನಾರೇ ಕೊಳೆಯುತ್ತದೆ. ಎರಡನೆಯದು ಎಣ್ಣೆ. ಎಣ್ಣೆ ಕುಡಿದ ಕಡೆ ನಾರಿಗೆ ನಾರು ಅಂಟುವುದಿಲ್ಲ, ತಯಾರಾದ ಹಾಳೆಯಲ್ಲಿ ಕಲೆ, ತೂತು ಬೀಳುತ್ತವೆ. ಪಿಜ್ಜಾ ಡಬ್ಬದ ಮುಚ್ಚಳ ಶುಚಿಯಾಗಿದ್ದರೆ ಹರಿದು ರಟ್ಟಿನ ಜತೆ ಇಡಿ, ಜಿಡ್ಡಿನ ತಳ ಬೇಡ. ಮೂರನೆಯದು ಗೋಂದು. ಗೈಡು, ಟೆಲಿಫೋನ್ ಡೈರೆಕ್ಟರಿಯಂಥ ಪುಸ್ತಕಗಳ ಬೆನ್ನಿಗೆ ಹಚ್ಚಿದ ಅಂಟು ಕರಗಿ, ಕಾಗದ ಒಣಗಿಸುವ ಬಿಸಿ ಉರುಳೆಗಳಿಗೆ ಮೆತ್ತಿಕೊಂಡು ಓಡುವ ಹಾಳೆಯನ್ನೇ ಹರಿಯುತ್ತದೆ. ಪುಸ್ತಕದ ಬೆನ್ನನ್ನು ಕಿತ್ತು ಕೊಟ್ಟರೆ ಸಾಕು. ಸ್ಟೇಪಲ್ ಪಿನ್ ಒಂದೊಂದೇ ಕೀಳುತ್ತಾ ಕೂರಬೇಡಿ. ಕಾಗದವನ್ನು ನೀರಿನಲ್ಲಿ ಕಲಸುವ ತೊಟ್ಟಿಯಾದ ಪಲ್ಪರ್‌ನಲ್ಲಿ ಅದು ಭಾರಕ್ಕೆ ತಳ ಸೇರುತ್ತದೆ, ಆ ಸಮಯ ದಂಡ.

ನೋಟ್‌ಬುಕ್, ಪ್ರಿಂಟರ್ ಹಾಳೆಗಳನ್ನು ದಿನಪತ್ರಿಕೆಯ ಜತೆ ಕಟ್ಟಬೇಡಿ. ಮಾರಾಟಗಾರರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಬಿಳಿ ಹಾಳೆಯಲ್ಲಿ ಮರದ ನಾರನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ಪದಾರ್ಥ ತೆಗೆದ ಬಿಳಿ ನಾರಿದೆ. ದಿನಪತ್ರಿಕೆ ಲಿಗ್ನಿನ್ ಉಳಿಸಿಕೊಂಡ ಕಾಗದವಾದ್ದರಿಂದ ಬಿಸಿಲಿಗೆ ಹಳದಿಯಾಗುತ್ತದೆ. ಎರಡನ್ನೂ ಬೆರೆಸಿದರೆ ವ್ಯಾಪಾರಿ ಒಟ್ಟು ಮಾಲಿಗೆ ಕಡಿಮೆ ದರವನ್ನೇ ಹಾಕುತ್ತಾನೆ. ದಿನಪತ್ರಿಕೆಯನ್ನು ಮುದುಡದೆ ಮಡಿಸಿಡಿ, ಇಡೀ ಹಾಳೆಗಳನ್ನು ಪ್ಯಾಕಿಂಗ್‌ಗೂ ಕೊಳ್ಳುತ್ತಾರೆ. (ಬಜ್ಜಿ, ಬೋಂಡಾ ಕಟ್ಟಲು ಮಾತ್ರ ಸಲ್ಲದು, ಆಹಾರವನ್ನು ಮುದ್ರಿತ ಪತ್ರಿಕೆಯಲ್ಲಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ನಿಷೇಧಿಸಿದೆ.) ಪೇಪರ್ ಕಪ್, ಲ್ಯಾಮಿನೇಟ್ ಮಾಡಿದ ಲಗ್ನಪತ್ರಿಕೆ, ಬಿಲ್ಲಿನ ಥರ್ಮಲ್ ಚೀಟಿ ಕಾಗದದ ಗಂಟಿಗೆ ಸೇರಬಾರದು. ಜ್ಯೂಸಿನ ಟೆಟ್ರಾ ಪ್ಯಾಕ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಕಾಗದವೇ ಆದರೂ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಬಿಡಿಸುವ ಯಂತ್ರ ಎಲ್ಲ ಗಿರಣಿಗಳಲ್ಲಿ ಇಲ್ಲ. ಅದನ್ನು ತೊಳೆದು ಚಪ್ಪಟೆ ಮಾಡಿ ಬೇರೆಯಾಗಿ ಕೊಡಿ.

ಹಾಲಿನ ಪ್ಯಾಕೆಟ್‌ಗೂ ಬೆಲೆಯಿದೆ. ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರ್ಪಡದಂತೆ ಕತ್ತರಿಸಿ, ಪಾತ್ರೆ ತೊಳೆದ ನೀರಿನಲ್ಲೇ ಅಲುಗಾಡಿಸಿ ಒಣಗಹಾಕಿ. ಆ ಚೂರು ಮೂಲೆಯನ್ನು ಯಾರೂ ಹೆಕ್ಕಲಾರರು, ನೇರ ಚರಂಡಿ ಸೇರುತ್ತದೆ.

ತೂಕದಲ್ಲೂ ಎಚ್ಚರ ಬೇಕು. ಕೈಯಲ್ಲಿ ಹಿಡಿಯುವ ಕೊಕ್ಕೆಯ ತಕ್ಕಡಿಯ ಸ್ಪ್ರಿಂಗ್ ಸಡಿಲಾಗಿದ್ದರೂ ಬಿಗಿಯಾಗಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿರುವ ಒಡೆಯದ 5 ಕೆಜಿ ಅಕ್ಕಿ ಚೀಲವನ್ನು ಮೊದಲು ತೂಗಿಸಿ ನೋಡಿ. ಅದೇ ಹೊತ್ತಿಗೆ ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಮಿಂದ ₹12ಕ್ಕೆ ಕೊಂಡವರು ಗುಜರಿ ಅಂಗಡಿಗೆ, ಅಲ್ಲಿಂದ ಜಾಲಿ ಮೊಹಲ್ಲಾದಂಥ ಸಗಟು ಜಾಗಕ್ಕೆ, ಅಲ್ಲಿಂದ ಗಿರಣಿಗೆ ಎಂದು ಮೂರು ಕೈ ದಾಟುವಾಗ ಪ್ರತಿ ಕೈಗೂ ಉಳಿಯುವುದು ಕೆಲವೇ ರೂಪಾಯಿ. ಆ ದರವನ್ನೂ ಇಲ್ಲಿಯವರು ನಿರ್ಧರಿಸುವುದಿಲ್ಲ. 2018ರಲ್ಲಿ ಚೀನಾ ವಿಂಗಡಿಸದ ಕಾಗದದ ಆಮದು ನಿಲ್ಲಿಸಿದಾಗ ಲೋಕದ ರದ್ದಿ ಮಾರುಕಟ್ಟೆಯೇ ಅಲುಗಾಡಿತು. ನಮ್ಮ ಗಿರಣಿಗಳು ವಿದೇಶಿ ರದ್ದಿಯನ್ನೂ ಕೊಳ್ಳುತ್ತವೆ, ಅದು ಅಗ್ಗವಾದ ದಿನ ಬೀದಿಯ ದರವೂ ಇಳಿಯುತ್ತದೆ.

ನಿಜವಾದ ನಷ್ಟ ಇರುವುದು ಸಾಗಣೆಯಲ್ಲಿ. ಆನ್‌ಲೈನ್ ಸಾಮಾನು ಬಂದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸದೆ ಹಾಗೇ ತುಂಬಿದರೆ 750 ಕೆಜಿ ಹೊರಬಲ್ಲ ಸಣ್ಣ ಗೂಡ್ಸ್ ಗಾಡಿ ಇನ್ನೂರು ಕೆಜಿ ಮುಟ್ಟುವ ಮೊದಲೇ ಭರ್ತಿ. ಗಾಡಿ ಒಯ್ಯುವುದು ಗಾಳಿಯನ್ನು, ಡೀಸೆಲ್ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಪ್ರತಿ ಪೆಟ್ಟಿಗೆಯ ತಳದ ಟೇಪ್ ಸೀಳಿ ಚಪ್ಪಟೆ ಮಾಡಲು ಮನೆಯಲ್ಲಿ ಅರ್ಧ ನಿಮಿಷ ಸಾಕು.

ಇಷ್ಟು ಮಾಡಿದರೂ ಕೆಲವು ವಸ್ತು ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ. ಒಡೆದ ಗಾಜು ಭಾರ, ಬೆಲೆ ಅತ್ಯಲ್ಪ. ಚಿಪ್ಸ್ ಪ್ಯಾಕೆಟ್‌ಗೆ ಕೊಳ್ಳುವವರೇ ಇಲ್ಲ. ಉರುವಲಾಗಿ ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗೆ ಕಳಿಸಬೇಕೆಂದರೆ ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರ್ ಬಾಡಿಗೆ. ವಾರ್ಡಿನ ಒಣತ್ಯಾಜ್ಯ ಕೇಂದ್ರಗಳು ಈ ನಷ್ಟವನ್ನು ಕಾಗದ, ಗಟ್ಟಿ ಪ್ಲಾಸ್ಟಿಕ್ ಮಾರಿದ ದುಡ್ಡಿನಿಂದಲೇ ತುಂಬಬೇಕೆಂಬುದು ಅನ್ಯಾಯ. ಒಳ್ಳೆಯ ಮಾಲನ್ನು ಮನೆಗಳೇ ಮೊದಲು ಮಾರಿಬಿಟ್ಟರೆ ಕೇಂದ್ರಕ್ಕೆ ಉಳಿಯುವುದು ಬರೀ ಈ ಜೊಳ್ಳು.

ಆದ್ದರಿಂದ ಪಾಲಿಕೆ ಎರಡು ಕೆಲಸ ಮಾಡಬೇಕು. ಕೇಂದ್ರಗಳು ಹೊರಗೆ ಕಳಿಸುವ ಕೊಳ್ಳುವವರಿಲ್ಲದ ಮಾಲಿಗೆ ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ ನೋಡಿ ಟನ್ನಿಗೆ ಇಷ್ಟು ಎಂದು ಹಣ ಕೊಡಲಿ; ಅದೇ ಟನ್ ಕಸವನ್ನು ಕಾಂಪ್ಯಾಕ್ಟರ್‌ನಲ್ಲಿ ಸಾಗಿಸಿ ಸುರಿಯಲು ತಗಲುವ ಖರ್ಚೇ ಅದಕ್ಕೆ ಅಳತೆಗೋಲಾಗಲಿ. ಮುಂಗಾರು ಶುರುವಾಗುವ ಮುನ್ನ ಸೋರುವ ಕೇಂದ್ರಗಳಿಗೆ ಸೂರು, ಬೇಲಿಂಗ್ ಯಂತ್ರ ಇಲ್ಲದ ಕಡೆ ಒಂದು ಯಂತ್ರ, ಅದಕ್ಕೆ ತ್ರೀ ಫೇಸ್ ವಿದ್ಯುತ್ ಸಂಪರ್ಕ ಒದಗಿಸಲಿ.

– ಒಣತ್ಯಾಜ್ಯ ವಿಂಗಡಣೆಯಲ್ಲಿ ತೊಡಗಿರುವ ಓದುಗರು, ಬೆಂಗಳೂರು