ಬೇಕಲಕ್ಕೆ ಹೋಗುವವರು ಬಜ್ಪೆಯಲ್ಲಿ ಇಳಿದಾಗ

ಸಂಪಾದಕರೇ,

ವಿಮಾನ ನಿಲ್ದಾಣಗಳ ಅಂದಚಂದದ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಜಾಸ್ತಿ ಬರುತ್ತಿದೆ. ಬೆಂಗಳೂರಿನ ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿ, ತೂಗುವ ಗಿಡಗಳು, ಸಿಂಗಾಪುರದ ಚಾಂಗಿಯಲ್ಲಿ ಮಾಡಿನಿಂದ ಬೀಳುವ 40 ಮೀಟರ್ ಜಲಪಾತ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಹೊರಗೆ ನಿಲ್ಲುವವನು. ಕುಂಬಳೆಯಲ್ಲಿ ಟ್ಯಾಕ್ಸಿ ಇಟ್ಟಿದ್ದೇನೆ. ಬಾಡಿಗೆ ಸಿಕ್ಕಿದ ಹಾಗೆ ಒಮ್ಮೆ ಮಂಗಳೂರಿನ ಬಜ್ಪೆ ನಿಲ್ದಾಣ, ಒಮ್ಮೆ ಕಣ್ಣೂರಿನದ್ದು. ಬಂದವರು ಕಾರು ಹತ್ತಿ ಆಡುವ ಮೊದಲ ಮಾತು ಬೀಳುವುದು ನಮ್ಮಂಥವರ ಕಿವಿಗೇ. ಅದರಲ್ಲಿ ಚಾವಣಿಯ ಸುದ್ದಿ ಕಡಿಮೆ. ಬ್ಯಾಗಿಗೆ ಎಷ್ಟು ಹೊತ್ತು ಕಾದರು, ಶೌಚಾಲಯ ಹೇಗಿತ್ತು, ದಾರಿ ಕೇಳಿದಾಗ ಯಾರು ಮುಖ ಸಿಂಡರಿಸಿದರು, ಇಂಥದ್ದೇ.

ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ ನೋಡಲು ಬರುವವರದ್ದು ಇನ್ನೊಂದು ಗೊಂದಲ. ಅವರು ಹೊರಟದ್ದು ಕೇರಳಕ್ಕೆ, ಟಿಕೆಟಿನಲ್ಲಿರುವುದು ಮಂಗಳೂರು. ಹೊರಗೆ ಬಂದು ನೋಡಿದರೆ ಅಂಗಡಿ ಬೋರ್ಡುಗಳಲ್ಲಿ ಕನ್ನಡ. ಪುಣೆಯ ಒಂದು ಕುಟುಂಬ ನೇತ್ರಾವತಿ ಸೇತುವೆ ದಾಟಿದರೂ ಮೊಬೈಲಿನ ಮ್ಯಾಪಿನಿಂದ ಕಣ್ಣು ಕೀಳಲಿಲ್ಲ. ಯಜಮಾನರು ಎರಡೆರಡು ಸಲ ನನ್ನ ಹೆಸರು ಕೇಳಿದರು. ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡೂ ದಕ್ಷಿಣ ಕನ್ನಡದ್ದೇ ತಾಲೂಕು ಅಂತ ಸ್ಟಿಯರಿಂಗ್ ಹಿಡಿದುಕೊಂಡೇ ಪಾಠ ಮಾಡಿದೆ. ತಲಪಾಡಿ ದಾಟಿ ಮಲಯಾಳ ಬೋರ್ಡು ಕಂಡ ಮೇಲೆ ಅವರ ಮುಖ ಸಡಿಲವಾಯಿತು. ಆಮೇಲೆ ಚಹಾವನ್ನೂ ಅವರೇ ಕುಡಿಸಿದರು, ಆ ಮಾತು ಬೇರೆ. ಹೊಸ ಊರಿನ ಮೊದಲ ಒಂದು ಗಂಟೆ ಅನುಮಾನದಲ್ಲಿ ಹೋಯಿತಲ್ಲ, ಅದು ಯಾರ ಲೆಕ್ಕಕ್ಕೆ?

ಗೋಡೆಯ ಚಿತ್ರಗಳು ಸುಮ್ನೆ ಅಂತ ನಾನು ಹೇಳುವುದಿಲ್ಲ. ಕಣ್ಣೂರು ನಿಲ್ದಾಣದಲ್ಲಿ ತೆಯ್ಯದ (ಭೂತಕೋಲದಂಥ ದೈವದ ಆಚರಣೆ) ದೊಡ್ಡ ಚಿತ್ರ ನೋಡಿ ಬಂದವರು "ಇದು ಎಲ್ಲಿ ನೋಡಲು ಸಿಗುತ್ತದೆ?" ಅಂತ ಕೇಳಿಯೇ ಕೇಳುತ್ತಾರೆ. ಜುಲೈಯಲ್ಲಿ ಕೇಳಿದರೆ ನಾನು ಏನು ಹೇಳಲಿ? ತೆಯ್ಯ ಕಟ್ಟುವ ಕಳಿಯಾಟದ ಕಾಲ ತುಲಾ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಚಿತ್ರದ ಕೆಳಗೆ ಅಷ್ಟು ಬರೆದರೆ ಸಾಕು, ಆಸೆ ಹುಟ್ಟಿಸಿ ಕೈಕೊಟ್ಟ ಹಾಗೆ ಆಗುವುದಿಲ್ಲ.

ಇನ್ನು ನಮ್ಮ ಊರಿನವರು. ಹಗ್ಗ ಬಿಗಿದು, ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ತಳ್ಳಿಕೊಂಡು ಬರುವ ಗಲ್ಫಿನ ಹುಡುಗರು. ಅವರನ್ನು ಕರೆಯಲು ಮನೆಮಂದಿಯೆಲ್ಲ ಬರುತ್ತಾರೆ, ಮೊಣಕಾಲು ನೋವಿನ ಅಜ್ಜಿಯೂ. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈ ವಿಮಾನ ಬಿದ್ದು 158 ಮಂದಿ ಹೋದರು. ಅದರಲ್ಲಿ ನಮ್ಮ ಜಿಲ್ಲೆಯವರೂ ಹಲವರಿದ್ದರು. ಹಾಗಾಗಿ ವಿಮಾನ ಇಳಿಯಿತು ಅಂತ ಫೋನ್ ಬಂದರೂ ಇಲ್ಲಿಯ ಹಿರಿಯರಿಗೆ ಸಮಾಧಾನವಿಲ್ಲ, ಮಗ ಬಾಗಿಲಲ್ಲಿ ಕಾಣಿಸಬೇಕು. ಇಂಥವರನ್ನು ಒಂದು ಕಡೆ (ಯಾವ ನಿಲ್ದಾಣ ಅಂತ ಬೇಡ) ಮಧ್ಯಾಹ್ನದ ಬಿಸಿಲಲ್ಲಿ ಕಬ್ಬಿಣದ ಕಂಬಿಗೆ ಒರಗಿಸಿ ನಿಲ್ಲಿಸಿದ್ದನ್ನು ನೋಡಿದ್ದೇನೆ. ಒಂದು ಬೆಂಚೂ ಇಲ್ಲ. ಒಳಗೆ ಎಸಿಯಲ್ಲಿ ಹೂಕುಂಡಗಳು!

ನಮ್ಮ ಕೋರಿಕೆ ದೊಡ್ಡದೇನಲ್ಲ. ಬಜ್ಪೆಯಲ್ಲಿ ಬ್ಯಾಗು ಬರುವ ಬೆಲ್ಟಿನ ಎದುರು ಒಂದು ದೊಡ್ಡ ನಕಾಶೆ ಇರಲಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ. ಬೇಕಲಕ್ಕೆ ಎಷ್ಟು ದೂರ, ಬಸ್ಸು ಎಲ್ಲಿ, ಟ್ಯಾಕ್ಸಿಗೆ ಎಷ್ಟು ಅಂತ ಅದರಲ್ಲೇ ಕಾಣಲಿ. ರೇಟು ಬರೆದು ಹಾಕಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದೀತು, ಬರಲಿ. ಜಾಗ ಉಳಿದರೆ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆನಪಿಗೆ ತೆಂಕುತಿಟ್ಟು ಯಕ್ಷಗಾನದ ಒಂದು ವೇಷವನ್ನೂ ಬಿಡಿಸಲಿ. ಆದರೆ ಅದಕ್ಕಿಂತ ಮೊದಲು, ಎರಡೂ ನಿಲ್ದಾಣಗಳಲ್ಲಿ ಕಾಯುವವರಿಗೆ ನೆರಳು ಮತ್ತು ಕೂರಲು ಜಾಗ ಸಾಲುವಷ್ಟು ಇದೆಯಾ ಅಂತ ಸಂಬಂಧಪಟ್ಟವರು ಒಮ್ಮೆ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಬಂದು ನೋಡಲಿ.

— ಒಬ್ಬ ಟ್ಯಾಕ್ಸಿ ಚಾಲಕ, ಕುಂಬಳೆ, ಕಾಸರಗೋಡು