ಗೋಣಿಚೀಲದ ಹಣದಲ್ಲಿ ಎದ್ದ ಮನೆ

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡಿಗೆ ಹೋಗಿಬಂದವರು ಪತ್ರಿಕೆಗಳಲ್ಲಿ ಬರೆಯುವಾಗ ಎಡಿನ್‌ಬರೊ ಕೋಟೆಯನ್ನೂ ಸರೋವರಗಳನ್ನೂ ಬಣ್ಣಿಸುತ್ತಾರೆಯೇ ಹೊರತು ಹಳ್ಳಿಗಾಡಿನ ಸಣ್ಣ ಎಸ್ಟೇಟುಗಳತ್ತ ತಿರುಗಿ ನೋಡುವುದು ಕಡಿಮೆ. ಡಂಡೀ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಕಂಡ ಹಿಲ್ ಆಫ್ ಟಾರ್ವಿಟ್ ಎಂಬ ಎಸ್ಟೇಟನ್ನು ನಮ್ಮ ಓದುಗರು ತಿಳಿಯಬೇಕೆಂದು ಈ ಪತ್ರ.

ಫೈಫ್ ಸೀಮೆಯ ಕೂಪರ್ ಪಟ್ಟಣಕ್ಕೆ ದಕ್ಷಿಣದಲ್ಲಿ, ಸುಮಾರು 2 ಮೈಲಿ ದೂರದಲ್ಲಿ, ಗುಡ್ಡಕ್ಕೆ ಬೆನ್ನುಕೊಟ್ಟು ಈ ಮನೆ ನಿಂತಿದೆ. ಇಲ್ಲಿ ಮೊದಲಿದ್ದದ್ದು 1696ರ ವೆಮಿಸ್ ಹಾಲ್. ಡಂಡೀಯ ಸೆಣಬು ಉದ್ಯಮದ ಕುಟುಂಬಕ್ಕೆ ಸೇರಿದ ಫ್ರೆಡರಿಕ್ ಶಾರ್ಪ್ 1904ರಲ್ಲಿ ಅದನ್ನು ಕೊಂಡು, ವಾಸ್ತುಶಿಲ್ಪಿ ರಾಬರ್ಟ್ ಲೋರಿಮರ್ ಕೈಯಲ್ಲಿ 1906ರ ಹೊತ್ತಿಗೆ ಬಹುಮಟ್ಟಿಗೆ ಹೊಸದಾಗಿ ಕಟ್ಟಿಸಿದರು. ಮನೆ ಕಟ್ಟಿ ಸಾಮಾನು ತರುವುದು ವಾಡಿಕೆಯಾದರೆ, ಇಲ್ಲಿ ಶಾರ್ಪ್ ಅವರ ಸಂಗ್ರಹಕ್ಕೆ ಒಪ್ಪುವಂತೆ ಮನೆಯನ್ನೇ ರೂಪಿಸಲಾಯಿತು. ಫ್ಲೆಮಿಷ್ ಚಿತ್ರನೇಯ್ಗೆಗಳಿಗಾಗಿ ಓಕ್ ಹಲಗೆ ಹೊದಿಸಿದ ನಡುಮನೆ, ಫ್ರೆಂಚ್ ಕುರ್ಚಿ ಮೇಜುಗಳಿಗಾಗಿ ತಿಳಿಬಣ್ಣದ ದಿವಾನಖಾನೆ, ಊಟದ ಕೋಣೆಗೆ 18ನೇ ಶತಮಾನದ ಗತ್ತು. ಹೀಗೆ ಕೋಣೆಗೊಂದು ಕಾಲವಿದ್ದರೂ ಕಲಸುಮೇಲೋಗರ ಆಗಿಲ್ಲದಿರುವುದು ಲೋರಿಮರ್ ಅವರ ಹೆಚ್ಚುಗಾರಿಕೆ ಎಂದೇ ನನ್ನ ಅಭಿಪ್ರಾಯ. ಮಂಕು ಬೆಳಕಿನ ನಡುಮನೆಯಿಂದ ದಿವಾನಖಾನೆಗೆ ಕಾಲಿಟ್ಟಾಗ, ನಮ್ಮ ತೊಟ್ಟಿಮನೆಯ ಪಡಸಾಲೆಯಿಂದ ಅಂಗಳಕ್ಕೆ ಇಳಿದಾಗ ಆಗುವಂತೆ, ಕಣ್ಣು ತಾನಾಗಿ ಅರಳಿತು. ದಕ್ಷಿಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟವೂ ಅವರದೇ ವಿನ್ಯಾಸ.

ಆದರೆ ಈ ಚೆಲುವನ್ನು ಹೊಗಳುವವರು ಅದಕ್ಕೆ ಹಣ ಎಲ್ಲಿಂದ ಬಂತೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕೆಂಬುದು ನನ್ನ ಒತ್ತಾಯ. ಬಂಗಾಳದ ರೈತರು ನೀರಿನಲ್ಲಿ ಕೊಳೆಹಾಕಿ, ಸೊಂಟದವರೆಗಿನ ನೀರಲ್ಲಿ ನಿಂತು ಬಿಡಿಸಿದ ಸೆಣಬಿನ ನಾರು ಹಡಗೇರಿ ಡಂಡೀಗೆ ಬರುತ್ತಿತ್ತು. ಒರಟಾದ ಆ ನಾರನ್ನು ತಿಮಿಂಗಿಲದ ಎಣ್ಣೆ ಮತ್ತು ನೀರಿನಿಂದ ಮೆದುಗೊಳಿಸಿ ಯಂತ್ರದಲ್ಲಿ ನೂಲುವ ವಿದ್ಯೆ 1830ರ ದಶಕದಲ್ಲಿ ಅಲ್ಲಿ ಕೈಗೂಡಿತು. ಗಿರಣಿಗಳಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು. 19ನೇ ಶತಮಾನ ಮುಗಿಯುವ ವೇಳೆಗೆ ಕಲ್ಕತ್ತೆಯ ಗಿರಣಿಗಳು ಡಂಡೀಯನ್ನು ಹಿಂದಿಕ್ಕಿದ್ದವು. ನಮ್ಮ ಮನೆಯಲ್ಲಿ ರಾಗಿ ತುಂಬಿದ ಗೋಣಿಯ ಬಾಯನ್ನು ಅಪ್ಪ ದಬ್ಬಳದಿಂದ ಹೊಲಿಯುತ್ತಿದ್ದುದನ್ನು ನೋಡಿ ಬೆಳೆದ ನನಗೆ, ಆ ಚಿತ್ರನೇಯ್ಗೆಗಳ ಮುಂದೆ ನಿಂತಾಗ ಮೂಗಿಗೆ ಬಂದದ್ದು ಗೋಣಿಯ ವಾಸನೆಯೇ.

ಶಾರ್ಪ್ ಅವರ ಮಗ ಹ್ಯೂ, ಪುಸ್ತಕಗಳನ್ನು ಪ್ರೀತಿಯಿಂದ ಕೂಡಿಟ್ಟವರು, 1937ರ ಡಿಸೆಂಬರಿನಲ್ಲಿ ಕ್ಯಾಸಲ್‌ಕೆರಿ ರೈಲು ದುರಂತದಲ್ಲಿ ತೀರಿಕೊಂಡರು. ಆ ಪುಸ್ತಕಗಳು ಇಂದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಕೊನೆಗೆ ಉಳಿದ ಮಗಳು ಎಲಿಸಬೆತ್ ಉಯಿಲು ಬರೆದಿಟ್ಟಂತೆ, 1949ರಲ್ಲಿ ಮನೆ, ಸಾಮಾನು, ಜಮೀನು ಎಲ್ಲವೂ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಪಾಲಾದವು. ಕೂಡಿಟ್ಟದ್ದು ಚೆದುರದೆ ಕಟ್ಟಿದ ಜಾಗದಲ್ಲೇ ಉಳಿದಿರುವುದರಿಂದ, ಬಟ್ಟೆ ಒಗೆಯುವ ಕೊಠಡಿಯವರೆಗೆ ಒಂದು ಮನೆತನದ ಬದುಕನ್ನು ಇಲ್ಲಿ ಇಡಿಯಾಗಿ ಕಾಣಬಹುದು.

ಆ ಕಡೆ ಹೋಗುವ ಕನ್ನಡಿಗರು ಮೊದಲು ಡಂಡೀಯಲ್ಲಿ ಸೆಣಬಿನ ವಸ್ತುಸಂಗ್ರಹಾಲಯವಾಗಿರುವ ವರ್ಡಂಟ್ ವರ್ಕ್ಸ್ ಎಂಬ ಹಳೆಯ ಗಿರಣಿಯನ್ನು ನೋಡಿಕೊಂಡು, ಆಮೇಲೆ ಟೇ ನದಿ ದಾಟಿ ಈ ಮನೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ಓದುಗ,
ತುಮಕೂರು