ಗೊಂಬೆಯ ಬೆಲೆ ಇರುವುದು ಕೈಕೆಲಸದಲ್ಲಿ

ಮಾನ್ಯರೇ,

ಮದುವೆ ಉಡುಗೊರೆಗೆ ವಧೂವರರ ಹೋಲಿಕೆಯ ಗೊಂಬೆ ಮಾಡಿಸುವವರು ‘ಗೇಣುದ್ದದ ಗೊಂಬೆಗೆ ಇಷ್ಟೊಂದು ದುಡ್ಡೇ?’ ಎಂದು ಕೇಳುವುದು ಸಹಜ. ತ್ರೀಡಿ ಮುದ್ರಣದ ರೆಸಿನ್‌ಗೆ (ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ) ತಗಲುವ ಖರ್ಚು ಅಲ್ಪ. ದುಡ್ಡು ಹೋಗುವುದು ಮುಖದ ಮಾದರಿ ರೂಪಿಸಲು, ಬಣ್ಣ ಬಳಿಯಲು.

ಕೊಡವ ಉಡುಗೆಯಲ್ಲಿ ಈ ಕೆಲಸ ಇನ್ನೂ ಸೂಕ್ಷ್ಮ. 15 ಸೆಂ.ಮೀ. ಗೊಂಬೆಯೆಂದರೆ ಮೂಲದ ಸುಮಾರು 12ನೇ ಒಂದು ಪಾಲು. ವರ ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿಯ 3 ಮಿ.ಮೀ. ದಪ್ಪದ ಸರಪಳಿ ಕಾಲು ಮಿ.ಮೀ.ಗೆ ಇಳಿಯುತ್ತದೆ. ಅದನ್ನು ಮುದ್ರಿಸಿದರೆ, ಮುದ್ರಣದ ವೇಳೆ ಆಸರೆಗೆಂದು ಮೂಡುವ ಕಡ್ಡಿಗಳನ್ನು ಕತ್ತರಿಸುವಾಗಲೇ ಮುರಿಯುತ್ತದೆ. ತೆಳು ತಾಮ್ರದ ತಂತಿಯನ್ನು ಹೊಸೆದು ಅಂಟಿಸುವುದೇ ಸರಿ. ಸೀರೆಯ ನೆರಿಗೆ ಬೆನ್ನ ಕಡೆ ಬರಬೇಕು. ಸಿದ್ಧ ದೇಹಕ್ಕೆ ಮುಖವಷ್ಟೇ ಜೋಡಿಸುವ ಅಗ್ಗದ ಗೊಂಬೆಗಳಲ್ಲಿ ಇದು ತಪ್ಪುತ್ತದೆ. ಹಿಂಬದಿಯ ಫೋಟೊವನ್ನೂ ಕೊಡಿ.

ಟೊಳ್ಳು ಗೊಂಬೆಯ ಬುಡದಲ್ಲಿ ಎರಡು ರಂಧ್ರ ಇರಲೇಬೇಕು. ಅದರಿಂದ ಹೊರಹೋಗದೆ ಒಳಗುಳಿದ ಹಸಿ ರೆಸಿನ್ ಕ್ರಮೇಣ ಗೊಂಬೆಯನ್ನೇ ಸೀಳುತ್ತದೆ. ನಮ್ಮ ಜಡಿಮಳೆಯ ತೇವದಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸಿಂಪಡಿಸಿದರೆ ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ಬೆಳ್ಳಗಾಗುತ್ತದೆ, ಆದ್ದರಿಂದ ಆಷಾಢದಲ್ಲಿ ಅವಸರಪಡಿಸಬೇಡಿ.

ಮರುಮಾರಾಟದಲ್ಲಿ ಇದಕ್ಕೆ ಬೆಲೆ ಸಿಗದು, ಮನೆಯವರಿಗಷ್ಟೇ ಅದು ಅಮೂಲ್ಯ. ಮುಖದ ಮಾದರಿಯನ್ನು ತೆರೆಯ ಮೇಲೆ ನೋಡಿ ಒಪ್ಪುವ ಹಕ್ಕನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

– ಗೊಂಬೆ ಕಲಾವಿದರು, ಮಡಿಕೇರಿ